ಬಿರುಕಿಗೆ ಅಡ್ಡ ನಿಂತ ಎಳೆ

ಮಡಕೆ ಒಡೆಯುವ ವಸ್ತುವೆಂಬುದು ಮಡಕೆಯಷ್ಟೇ ಹಳೆಯ ತಿಳಿವಳಿಕೆ. ಬೆಂಕಿಗೆ ಅಂಜದ, ತುಕ್ಕು ಹಿಡಿಯದ, ಎಷ್ಟೋ ಸಲ ಉಕ್ಕಿಗಿಂತಲೂ ಗಡುಸಾದ ಸಿರಾಮಿಕ್ ವಸ್ತು ಒಂದೇ ಪೆಟ್ಟಿಗೆ ಚೂರಾಗುತ್ತದೆ. ಇದೇಕೆ ಹೀಗೆ, ಇದಕ್ಕೆ ಮದ್ದೇನು ಎಂದು ವಿಜ್ಞಾನಿಗಳು ನಡೆಸಿದ ಸುಮಾರು ನೂರು ವರ್ಷಗಳ ಹುಡುಕಾಟವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬಯಸುತ್ತೇನೆ. ಅವರಿಗೆ ದೊರೆತ ಉತ್ತರ ನಮ್ಮ ನಿರೀಕ್ಷೆಗೆ ತೀರ ವಿರುದ್ಧವಾದುದು.

ಕಥೆಯ ಮೊದಲ ಭಾಗ ನಡೆದದ್ದು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದಲ್ಲಿ. ಅಣುಗಳ ಪರಸ್ಪರ ಬಂಧವನ್ನು ಲೆಕ್ಕ ಹಾಕಿದರೆ ಗಾಜಿಗೆ ಇರಬೇಕಾದ ಬಲವೇ ಬೇರೆ, ಅದು ತೋರುವ ಬಲವೇ ಬೇರೆ. ಈ ಅಂತರವನ್ನು ಬಿಡಿಸಿ ಹೇಳಿದವರು ಎ. ಎ. ಗ್ರಿಫಿತ್. ೧೯೨೧ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಅಪರಾಧಿಗಳು ಕಣ್ಣಿಗೆ ಕಾಣದ ಬಿರುಕುಗಳು. ಸೆಳೆತಕ್ಕೆ ಸಿಕ್ಕ ವಸ್ತುವಿನಲ್ಲಿ ಶಕ್ತಿ ಸಂಚಯವಾಗಿರುತ್ತದೆ. ಬಿರುಕು ಬೆಳೆದಂತೆ ಅದು ಬಿಡುಗಡೆಯಾಗುತ್ತದೆ. ಹೊಸ ಮೈಗಳನ್ನು ತೆರೆಯಲು ತಗಲುವ ವೆಚ್ಚಕ್ಕಿಂತ ಈ ಆದಾಯ ಹೆಚ್ಚಾದ ಕ್ಷಣ ಬಿರುಕು ತಾನಾಗಿಯೇ ಓಡತೊಡಗುತ್ತದೆ. ಲೋಹ ಮಣಿಯಬಲ್ಲದು, ಮಣಿದು ಆ ಶಕ್ತಿಯನ್ನು ನುಂಗಬಲ್ಲದು. ಸಿರಾಮಿಕ್ಕಿಗೆ ಮಣಿಯಲು ಬಾರದು.

ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸುಮಾರು ೧ ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿಗಿಂತ, ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲಿನಷ್ಟು ತೆಳುವಾದ ಗಾಜಿನ ಎಳೆ ಹತ್ತಿರ ಹತ್ತಿರ ೨೦ ಪಟ್ಟು ಬಲವಾಗಿತ್ತು. ಎಳೆ ಸಣ್ಣದಾದಷ್ಟೂ ಅದರಲ್ಲಿ ದೊಡ್ಡ ಬಿರುಕಿಗೆ ಎಡೆ ಕಡಿಮೆ.

ಹಾಗಾದರೆ ಇಂಥ ಎಳೆಗಳನ್ನು ಒಡೆಯುವ ವಸ್ತುವಿನಲ್ಲಿ ಹುದುಗಿಸಬಾರದೇಕೆ? ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟುವುದು ನಮ್ಮ ಹಳ್ಳಿಗಳಿಗೂ ಗೊತ್ತು, ಪ್ರಾಚೀನ ಈಜಿಪ್ಟಿನ ಇಟ್ಟಿಗೆಗಾರರಿಗೂ ಗೊತ್ತಿತ್ತು. ತೊಡಕಿದ್ದದ್ದು ಎಳೆಗೂ ಅದನ್ನು ಸುತ್ತಿದ ವಸ್ತುವಿಗೂ ಇರಬೇಕಾದ ನಂಟಿನಲ್ಲಿ. ಅದು ಬಿಗಿಯಾದಷ್ಟೂ ಒಳ್ಳೆಯದೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಆದರೆ ಎರಡೂ ಬೆಸೆದು ಒಂದಾಗಿಬಿಟ್ಟರೆ ಓಡಿ ಬರುವ ಬಿರುಕಿಗೆ ಎಳೆಯೆಂಬ ಭೇದವೇ ತಿಳಿಯದು. ಅದನ್ನೂ ಕತ್ತರಿಸಿಕೊಂಡು ಮುಂದೆ ಸಾಗುತ್ತದೆ.

೧೯೬೪ರಲ್ಲಿ ಕುಕ್ ಮತ್ತು ಗಾರ್ಡನ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಬಿರುಕಿನ ಮೊನೆಯ ಮುಂದೆ, ಬಿರುಕು ಸಾಗುವ ದಿಕ್ಕಿನಲ್ಲಿಯೂ ಒಂದು ಸೆಳೆತವಿರುತ್ತದೆ. ಅದು ಮುಖ್ಯ ಸೆಳೆತದ ಸುಮಾರು ಐದರಲ್ಲೊಂದು ಪಾಲು. ಎಳೆಯ ಸುತ್ತಲಿನ ಅಂಟು ಅಷ್ಟಕ್ಕೆ ಬಿಡುವಂತಿದ್ದರೆ ಬಿರುಕು ಬಂದು ಮುಟ್ಟುವ ಮೊದಲೇ ಅಲ್ಲಿ ಸಂದು ತೆರೆಯುತ್ತದೆ. ಬಿರುಕು ಆ ಸಂದಿನೊಳಗೆ ಬಿದ್ದು ಮೊನೆ ಕಳೆದುಕೊಳ್ಳುತ್ತದೆ. ಎಳೆ ಮಾತ್ರ ಅಖಂಡವಾಗಿ ಉಳಿದು ಎರಡು ದಡಗಳಿಗೂ ಸೇತುವೆಯಾಗುತ್ತದೆ. ಬಿರುಕು ಇನ್ನೂ ಅಗಲವಾಗಬೇಕಾದರೆ ಎಳೆ ಹಿಗ್ಗಬೇಕು, ಉಜ್ಜಿಕೊಂಡು ಜಾರಿ ಹೊರಬರಬೇಕು. ಒಡೆಯುವ ಶಕ್ತಿಯ ಬಹುಪಾಲು ಈ ಉಜ್ಜಾಟದಲ್ಲಿಯೇ ವ್ಯಯವಾಗುತ್ತದೆ. ೧೯೭೧ರಲ್ಲಿ ಆವೆಸ್ಟನ್, ಕೂಪರ್ ಮತ್ತು ಕೆಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಎಳೆಗಳು ಸಾಕಷ್ಟಿದ್ದರೆ ಒಂದು ಮಾರಕ ಬಿರುಕಿನ ಬದಲು ಅನೇಕ ಕಿರುಬಿರುಕುಗಳು ಮೂಡಿ, ವಸ್ತು ಸೀಳಿದ ಮೇಲೂ ಭಾರ ಹೊರುತ್ತದೆಂದು ಅವರು ತೋರಿಸಿದರು.

ಆದರೆ ಬೆಂಕಿಯಲ್ಲಿ ಬಾಳುವ ಎಳೆ ಬೇಕಲ್ಲ! ಇಂಗಾಲದ ಎಳೆ ಕಾದ ಗಾಳಿಯಲ್ಲಿ ಉರಿದುಹೋಗುತ್ತದೆ. ೧೯೭೫ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ಸೇಯ್ಶಿ ಯಾಜಿಮಾ ಸಿಲಿಕಾನ್ ಮತ್ತು ಇಂಗಾಲ ಕೂಡಿದ ಪಾಲಿಮರನ್ನು ನೂಲಿನಂತೆ ತೆಗೆದು, ಸುಟ್ಟು, ಸಿಲಿಕಾನ್ ಕಾರ್ಬೈಡಿನ ಎಳೆಯನ್ನು ಪಡೆದರು. ಅಮೆರಿಕದಲ್ಲಿ ಬ್ರೆನನ್ ಮತ್ತು ಪ್ರೀವೊ ಅದನ್ನು ಗಾಜು-ಸಿರಾಮಿಕ್ಕಿನಲ್ಲಿ ಹುದುಗಿಸಿ ೧೯೮೨ರಲ್ಲಿ ವರದಿ ಮಾಡಿದ ವಸ್ತು ಆಶ್ಚರ್ಯಕರವಾಗಿ ಗಟ್ಟಿಯಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಳೆಯ ಸುತ್ತ ಇಂಗಾಲದ ತೆಳುಪೊರೆಯೊಂದು ತಾನಾಗಿಯೇ ಬೆಳೆದಿತ್ತು. ಬೇಕಾದ ದುರ್ಬಲ ಅಂಟನ್ನು ಒದಗಿಸಿದ್ದು ಆ ಪೊರೆ.

ವಿಪತ್ತು ಅಡಗಿದ್ದದ್ದೂ ಅಲ್ಲಿಯೇ. ಕಿರುಬಿರುಕಿನ ಹಾದಿಯಲ್ಲಿ ಒಳನುಗ್ಗಿದ ಆಮ್ಲಜನಕ ಆ ಪೊರೆಯನ್ನು ಸುಡುತ್ತದೆ. ಅದರ ಜಾಗದಲ್ಲಿ ಸಿಲಿಕಾ ಗಾಜು ತುಂಬಿ ಎಳೆಯನ್ನು ಬೆಸೆದುಬಿಡುತ್ತದೆ. ಅಲ್ಲಿಗೆ ಮತ್ತೆ ಹಳೆಯ ಮಡಕೆಯೇ! ಆದ್ದರಿಂದ ಎಳೆಗೆ ಬೋರಾನ್ ನೈಟ್ರೈಡಿನ ಲೇಪ ಕೊಡುವ ಕ್ರಮ ಬಂದಿತು. ೨೦೧೬ರಲ್ಲಿ ಪ್ರಯಾಣಿಕ ವಿಮಾನಗಳ ಸೇವೆಗೆ ಬಂದ ಲೀಪ್ ಎಂಜಿನ್ನಿನಲ್ಲಿ ಟರ್ಬೈನ್ ಅಲಗುಗಳನ್ನು ಸುತ್ತುವರಿದ ಕವಚ ಇಂಥ ಎಳೆ ಹುದುಗಿಸಿದ ಸಿರಾಮಿಕ್ಕಿನದು. ಲೋಹಕ್ಕಿಂತ ಹಗುರ, ಹೆಚ್ಚಿನ ಕಾವನ್ನೂ ತಾಳಬಲ್ಲದು. ಆದರೆ ಕಾದ ನೀರಾವಿ ತಗುಲಿದರೆ ಬೋರಾನ್ ನೈಟ್ರೈಡೂ ಕ್ಷಯಿಸುತ್ತದೆ, ಹುಡುಕಾಟ ಮುಗಿದಿಲ್ಲ.

ಈ ಇತಿಹಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಎಳೆಯ ಬಲಕ್ಕಿಂತ ಹೆಚ್ಚಾಗಿ ಆ ಪೊರೆಯ ಹದ. ಅಂಟು ತೀರ ಸಡಿಲವಾದರೆ ಎಳೆ ಭಾರ ಹೊರದು, ತೀರ ಬಿಗಿಯಾದರೆ ಬಿರುಕನ್ನು ತಡೆಯದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೂ ಮೀರದ ಆ ಸಂದಿನಲ್ಲಿ, ಬಿಡಬೇಕಾದಾಗ ಬಿಡುವ ಗುಣವನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ ಇಂದಿಗೂ ಅಷ್ಟು ದುಡಿಮೆ ನಡೆದಿದೆ.