ಪಠಾಣ: ಹೊಳೆಯ ಆಚೆಗೊಂದು ಬಗೆ, ಈಚೆಗೊಂದು ಬಗೆ

ಹರಿಹರದ ತುಂಗಭದ್ರೆಯ ಸೇತುವೆ ದಾಟಿ ರಾಣೆಬೆನ್ನೂರು, ಹಾವೇರಿ, ಸವಣೂರಿನ ದಾರಿ ಹಿಡಿದವರಿಗೆ ಅಂಗಡಿಯ ಬೋರ್ಡು, ವಕೀಲರ ನಾಮಫಲಕ, ಶಾಲೆಯ ಗೋಡೆಯ ಮೇಲಿನ ಶಿಕ್ಷಕರ ಪಟ್ಟಿಗಳಲ್ಲಿ ‘ಪಠಾಣ’ ಎಂಬ ಅಡ್ಡಹೆಸರು ಕಾಣತೊಡಗುತ್ತದೆ. ಹೊಳೆಯ ಈಚೆಗೆ, ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಹರಿಹರ, ಹೊನ್ನಾಳಿ, ಸಾಸ್ವೆಹಳ್ಳಿ, ಚನ್ನಗಿರಿಗಳಲ್ಲಿ ಅದು ಅಪರೂಪ. ಇಲ್ಲಿ ಅಂಥದೇ ಮೂಲ ಹೇಳಿಕೊಳ್ಳುವ ಮನೆಗಳ ಗಂಡಸರ ಹೆಸರಿನ ಕೊನೆಗೆ ‘ಖಾನ್’ ಇರುತ್ತದೆ, ಇಲ್ಲವೇ ಊರಿನವರ ಬಾಯಲ್ಲಿ ಅದು ‘ಖಾನ್ ಸಾಬ್ರು’ ಎಂದಾಗಿರುತ್ತದೆ. ಆಫ್ಘನ್ನರು ಆ ದಡದಲ್ಲೇ ನೆಲೆಸಿದರು, ಈ ದಡಕ್ಕೆ ಬರಲಿಲ್ಲ ಎಂದು ಈ ವ್ಯತ್ಯಾಸವನ್ನು ವಿವರಿಸುವುದು ಸುಲಭ. ಆದರೆ ಇತಿಹಾಸ ಅದನ್ನು ಒಪ್ಪುವುದಿಲ್ಲ. ಇಂದು ಕರ್ನಾಟಕದಲ್ಲಿ ‘ಪಠಾಣ’ ಹೆಸರು ಹರಡಿರುವ ರೀತಿ ಆಫ್ಘನ್ ವಲಸೆಯನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ಹೆಸರು ಬರೆದುಕೊಂಡ ದಫ್ತರಗಳ ಗಡಿಯನ್ನು ತೋರಿಸುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಹೆಸರಿನ ಮೂಲ. ಆಫ್ಘನ್ ಬುಡಕಟ್ಟುಗಳು ತಮ್ಮನ್ನು ಪಷ್ತೂನ್ ಅಥವಾ ಪಖ್ತೂನ್ ಎಂದು ಕರೆದುಕೊಂಡವು. ಪರ್ಷಿಯನ್ ಬರೆಹಗಾರರು ಅವರನ್ನು ಆಫ್ಘನ್ ಎಂದರು. ‘ಪಠಾಣ’ ಎಂಬುದು ಹಿಂದೂಸ್ತಾನದ ಜನ ಅವರಿಗೆ ಕೊಟ್ಟ ರೂಪ. ಒಳಗಿನ ಗುರುತು ಬುಡಕಟ್ಟಿನದು: ಲೋದಿ, ಪನ್ನಿ, ಮಿಯಾನಾ, ಯೂಸುಫ್‌ಝೈ, ಕಾಕರ್. ಈ ಬುಡಕಟ್ಟುಗಳ ವಂಶಾವಳಿಯನ್ನು ಒಂದೆಡೆ ಕಟ್ಟಿಕೊಟ್ಟ ಪ್ರಸಿದ್ಧ ಗ್ರಂಥ ನಿಯಾಮತುಲ್ಲಾನ ‘ಮಖ್ಜನ್-ಎ-ಅಫ್ಘಾನಿ’ ಸಿದ್ಧವಾದದ್ದು ಕಾಬೂಲಿನಲ್ಲೂ ಅಲ್ಲ, ಕಂದಹಾರದಲ್ಲೂ ಅಲ್ಲ. ದಖ್ಖನ್ನಿನ ಬಾಗಿಲಾದ ಬುರ್ಹಾನ್‌ಪುರದಲ್ಲಿ, 1613ರ ಸುಮಾರಿಗೆ, ಮೊಘಲ್ ಸರದಾರ ಖಾನ್ ಜಹಾನ್ ಲೋದಿಯ ಆಶ್ರಯದಲ್ಲಿ. ಎಲ್ಲ ಆಫ್ಘನ್ನರೂ ಖೈಸ್ ಅಬ್ದುರ್ರಶೀದ್ ಎಂಬ ಒಬ್ಬ ಮೂಲಪುರುಷನ ಸಂತಾನ ಎಂದು ಅದು ಹೇಳುತ್ತದೆ. ಇಂಥ ವಂಶಾವಳಿಗಳನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಮನೆ ಬಿಟ್ಟು ಬಹುದೂರ ಬಂದ ಜನಕ್ಕೆ ವಂಶಾವಳಿಯ ಅಗತ್ಯ ಹೆಚ್ಚು ಎಂಬುದನ್ನು ಮಾತ್ರ ಗಮನಿಸಿದರೆ ಸಾಕು.

ಆ ಖಾನ್ ಜಹಾನ್ ಲೋದಿ 1629ರಲ್ಲಿ ಷಹಜಹಾನನ ವಿರುದ್ಧ ಬಂಡೆದ್ದು, 1631ರಲ್ಲಿ ಹತನಾದ. ಅವನ ಪಕ್ಷ ಸೇರಿದ್ದ ಆಫ್ಘನ್ ಸರದಾರರಲ್ಲಿ ಬಹಲೋಲ್ ಖಾನ್ ಮಿಯಾನಾ ಒಬ್ಬ. ಉತ್ತರದಲ್ಲಿ ಉಳಿಗಾಲವಿಲ್ಲದೆ ಅವನ ಮನೆತನ ಬಿಜಾಪುರದ ಆದಿಲ್‌ಶಾಹಿ ಚಾಕರಿಗೆ ಇಳಿಯಿತು. ಕನ್ನಡ ನಾಡಿನ ಅತ್ಯಂತ ಪ್ರಭಾವಿ ಪಠಾಣ ಮನೆತನದ ಚರಿತ್ರೆ ಶುರುವಾಗುವುದು ಹೀಗೆ, ಸೋತವರ ಪಲಾಯನದಿಂದ. ನಲವತ್ತೈದು ವರ್ಷ ಕಳೆಯುವುದರೊಳಗೆ ಅದೇ ಮನೆತನದ ಅಬ್ದುಲ್ ಕರೀಂ ಬಹಲೋಲ್ ಖಾನ್ ಬಿಜಾಪುರದ ಆಡಳಿತವನ್ನೇ ಕೈಗೆ ತೆಗೆದುಕೊಂಡ. 1674ರ ಫೆಬ್ರವರಿಯಲ್ಲಿ ನೇಸರಿಯ ಬಳಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ಪ್ರಾಣ ಬಿಟ್ಟದ್ದು ಇವನ ಸೈನ್ಯದ ಮೇಲೆ ಎರಗಿ. 1675ರಲ್ಲಿ ಇವನು ಅಲ್ಲಿಯವರೆಗೆ ಆಡಳಿತ ನಡೆಸುತ್ತಿದ್ದ ಖವಾಸ್ ಖಾನನನ್ನು ಸೆರೆಹಿಡಿದು ಬಾಲಸುಲ್ತಾನನ ಹೆಸರಿನಲ್ಲಿ ತಾನೇ ಆಳತೊಡಗಿದ. ಅಲ್ಲಿಂದ ಮುಂದೆ ಬಿಜಾಪುರದ ದರ್ಬಾರು ದಖ್ಖನಿಗಳ ಪಕ್ಷ, ಪಠಾಣರ ಪಕ್ಷ ಎಂದು ಎರಡಾಗಿ ಕಾದಾಡಿತು. 1677ರಲ್ಲಿ ಅವನು ಸತ್ತಾಗ ರಾಜ್ಯದಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

1686ರಲ್ಲಿ ಔರಂಗಜೇಬನಿಗೆ ಬಿಜಾಪುರದ ಕೋಟೆ ಒಪ್ಪಿಸಿದವರಲ್ಲಿ ಇದೇ ಮನೆತನದ ಅಬ್ದುಲ್ ರೌಫ್ ಖಾನ್ ಇದ್ದ. ಒಪ್ಪಿಸಿದ್ದಕ್ಕೆ ಸಿಕ್ಕ ಪ್ರತಿಫಲ ದಿಲೇರ್ ಖಾನ್ ಎಂಬ ಬಿರುದು, ಬಂಕಾಪುರ, ತೊರಗಲ್ಲು ಮೊದಲಾದ ಸೀಮೆಗಳ ಜಹಗೀರು. ಬಂಕಾಪುರದಿಂದ ಸವಣೂರಿಗೆ ರಾಜಧಾನಿ ಬದಲಾಯಿತು. ಸವಣೂರಿನ ನವಾಬರೆಂದು ನಾವು ಕರೆಯುವವರು ಈ ಮಿಯಾನಾ ಪಠಾಣರು. ಕಡಪದ ನವಾಬರೂ ಮಿಯಾನಾಗಳೇ, ಕರ್ನೂಲಿನವರು ಪನ್ನಿಗಳು. 1750–51ರಲ್ಲಿ ಹೈದರಾಬಾದಿನ ಗಾದಿಗೆ ಬಂದ ನಾಸಿರ್ ಜಂಗ್, ಮುಜಫ್ಫರ್ ಜಂಗ್ ಇಬ್ಬರೂ ಒಬ್ಬರ ಹಿಂದೊಬ್ಬರಂತೆ ಸತ್ತದ್ದು ಈ ಮೂರು ಪಠಾಣ ನವಾಬರ ಸಂಚು, ಮುನಿಸುಗಳ ನಡುವೆ. ತುಂಗಭದ್ರೆಯಿಂದ ಪೆನ್ನಾರಿನವರೆಗೆ ಹಬ್ಬಿದ ಈ ಮೂರು ಮನೆತನಗಳ ನಡುವೆ ಸಿಪಾಯಿಗಳು, ಮೌಲ್ವಿಗಳು, ಕುದುರೆ ವ್ಯಾಪಾರಿಗಳು ಓಡಾಡುತ್ತಿದ್ದರು.

ಸವಣೂರಿನ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್, ನಿಜಾಮ, ಫ್ರೆಂಚ್ ಸೇನಾನಿ ಬುಸ್ಸಿ ಮೂವರೂ ಸೇರಿ ಈ ಊರಿಗೆ ಮುತ್ತಿಗೆ ಹಾಕಿದರು. ಸಂಸ್ಥಾನದ ಬಹುಭಾಗ ಆಮೇಲೆ ಮರಾಠರ ಪಾಲಾಯಿತು. 1779ರಲ್ಲಿ ಹೈದರನ ಮಗಳನ್ನು ನವಾಬ ಅಬ್ದುಲ್ ಹಕೀಂ ಖಾನನ ಹಿರಿಮಗನಿಗೂ, ನವಾಬನ ಮಗಳನ್ನು ಹೈದರನ ಎರಡನೆಯ ಮಗ ಕರೀಮನಿಗೂ ಕೊಟ್ಟು ತಂದು ಶ್ರೀರಂಗಪಟ್ಟಣದಲ್ಲಿ ಮದುವೆ ನಡೆಯಿತು. ಬೀಗತನ ಬಹಳ ದಿನ ಉಳಿಯಲಿಲ್ಲ. ಟಿಪ್ಪುವಿನ ಕಾಲಕ್ಕೆ ನವಾಬ ಮರಾಠರ ಆಶ್ರಯಕ್ಕೆ ಓಡಿದ.  ಇದೇ ಊರಿನಲ್ಲಿ ಆಫ್ರಿಕಾದಿಂದ ಬಂದ ಬೃಹತ್ ಮರಗಳಿವೆ. ಅವುಗಳನ್ನು ಜನ ‘ದೊಡ್ಡಹುಣಸೆ’ ಎನ್ನುತ್ತಾರೆ. ಎಲ್ಲಿಂದಲೋ ಬಂದು ಬೇರುಬಿಟ್ಟ ಮರಕ್ಕೆ ಸ್ಥಳೀಯರು ತಮಗೆ ತಿಳಿದ ಹೆಸರನ್ನೇ ಕೊಟ್ಟಂತೆ, ಮಿಯಾನಾಗಳಿಗೂ ಆಯಿತು. ಬುಡಕಟ್ಟಿನ ಹೆಸರು ನವಾಬರ ಚರಿತ್ರೆಯ ಪುಟಗಳಲ್ಲಿ ಉಳಿಯಿತು; ಸೀಮೆಯ ಸಾಮಾನ್ಯ ಜನರ ನಡುವೆ ನಿಂತದ್ದು ‘ಪಠಾಣ’.

ಈಗ ಈಚೆಯ ದಡಕ್ಕೆ ಬರೋಣ. ಸಾಸ್ವೆಹಳ್ಳಿಯ ಆಸುಪಾಸಿನ ಸೀಮೆಗೆ ಬಿಜಾಪುರದ ಸೈನ್ಯ ಸವಣೂರಿನ ನವಾಬಗಿರಿಗಿಂತ ಅರ್ಧ ಶತಮಾನ ಮೊದಲೇ ಬಂದಿತ್ತು. 1630ರ ದಶಕದ ಕೊನೆಯ ದಂಡಯಾತ್ರೆಯಲ್ಲಿ ರಣದುಲ್ಲಾ ಖಾನ್ ಬಸವಾಪಟ್ಟಣವನ್ನು ಗೆದ್ದ. ಸಂತೇಬೆನ್ನೂರಿನ ಪುಷ್ಕರಿಣಿಯ ಎದುರಿನ ಮುಸಾಫಿರಖಾನೆ ಆ ಆಳ್ವಿಕೆಯ ಉಳಿಕೆ. ಬಿಜಾಪುರ ಬಿದ್ದ ಮೇಲೆ ಮೊಘಲರು ಸಿರಾದಲ್ಲಿ ಸುಬಾ ಸ್ಥಾಪಿಸಿದಾಗ ಅದರ ಏಳು ಪರಗಣೆಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ಬಿಜಾಪುರದ ಸೈನ್ಯದಲ್ಲೂ ಮೊಘಲರ ಸೈನ್ಯದಲ್ಲೂ ಪಠಾಣ ಸವಾರರು ದಂಡಿಯಾಗಿದ್ದರು. ಆಮೇಲೆ ಹೈದರ್ ಕಡಪವನ್ನು ಗೆದ್ದು ಅಲ್ಲಿನ ನವಾಬನನ್ನು ಸೆರೆಹಿಡಿದಾಗ ಪಠಾಣರ ಇನ್ನೊಂದು ತಂಡ ಮೈಸೂರಿಗೆ ಬಂತು. ಅಂದರೆ ಈಚೆ ದಡದಲ್ಲಿ ಆಫ್ಘನ್ ಮೂಲದವರು ಇರಲಿಲ್ಲವೆನ್ನಲು ಆಧಾರವಿಲ್ಲ. ಇಲ್ಲದ್ದು ಆ ಅಡ್ಡಹೆಸರು.

ಇದ್ದದ್ದು ‘ಖಾನ್’. ಆದರೆ ಅದು ಮೂಲದಲ್ಲಿ ತುರ್ಕ-ಮಂಗೋಲರ ಪದವಿ. ದಖ್ಖನ್ನಿನ ಸುಲ್ತಾನರು ಅದನ್ನು ಬಿರುದಾಗಿ ಯಾರಿಗೆ ಬೇಕಾದರೂ ಕೊಟ್ಟರು. ಬಂಕಾಪುರದ ಉದಾಹರಣೆಯನ್ನೇ ನೋಡಿ. ಪಠಾಣ ಜಹಗೀರು ಬರುವುದಕ್ಕೆ ನೂರು ವರ್ಷ ಮೊದಲು ಅಲ್ಲಿ ಅಧಿಕಾರ ನಡೆಸಿ 1580ರಲ್ಲಿ ಕೊಲೆಯಾದ ಮುಸ್ತಫಾ ಖಾನ್ ಇರಾನಿನ ಅರ್ದಿಸ್ತಾನದವನು. ಬಿಜಾಪುರದ ಪ್ರಸಿದ್ಧ ಇಖ್ಲಾಸ್ ಖಾನ್ ಆಫ್ರಿಕಾದ ಹಬಶಿ. ಹೈದರ್ ಅಲಿ ಖಾನನನ್ನು ಯಾರೂ ಪಠಾಣನೆನ್ನುವುದಿಲ್ಲ. ಧಾರವಾಡದ ಸಿತಾರ್ ರತ್ನ ರಹಿಮತ್ ಖಾನರ ಮನೆತನದಲ್ಲಿ ‘ಖಾನ್’ ಎಂದರೆ ಘರಾಣೆಯ ಗೌರವ. ಆದ್ದರಿಂದ ಹೊನ್ನಾಳಿಯ ಒಂದು ಪಟ್ಟಿಯಲ್ಲಿ ‘ಖಾನ್’ ಕಂಡೊಡನೆ ಆಫ್ಘನ್ ಎಂದು ಗುರುತು ಹಾಕುವ ಸಂಶೋಧಕ ಎಡವುತ್ತಾನೆ. ಜನಗಣತಿಯ ಕಾಲದಲ್ಲಿ ಮುಸ್ಲಿಮರನ್ನು ಸಯ್ಯದ್, ಶೇಖ್, ಮೊಘಲ್, ಪಠಾಣ್ ಎಂದು ವಿಂಗಡಿಸುವ ರೂಢಿ ಬೆಳೆದಾಗಲೂ ‘ಖಾನ್’ ಹಚ್ಚಿಕೊಂಡವರು ಸುಲಭವಾಗಿ ನಾಲ್ಕನೆಯ ಕಟ್ಟಿಗೆ ಸೇರಿಹೋದರು.

ಹಾಗಾದರೆ ಆಚೆ ದಡದ ‘ಪಠಾಣ’ ಎಲ್ಲಿಂದ ಬಂತು? ಮುಂಬಯಿ ಪ್ರಾಂತ್ಯದ ದಫ್ತರದಿಂದ. ಮರಾಠಿ ಪದ್ಧತಿಯಲ್ಲಿ ಪಳಗಿದ ಕುಲಕರ್ಣಿ ಒಬ್ಬ ರೈತನನ್ನು ಬರೆಯುವಾಗ ಸ್ವಂತ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಮೂರನ್ನೂ ಕೇಳುತ್ತಿದ್ದ. ಅಡ್ಡಹೆಸರಿಲ್ಲದವರಿಗೂ ಆ ಜಾಗ ಖಾಲಿ ಬಿಡುವಂತಿರಲಿಲ್ಲ. ಕಸುಬು ಇದ್ದವರಿಗೆ ಕಸುಬು: ನದಾಫ, ಬಾಗವಾನ, ಅತ್ತಾರ, ಬೇಪಾರಿ. ಹುದ್ದೆ ಇದ್ದವರಿಗೆ ಹುದ್ದೆ: ಕಿಲ್ಲೇದಾರ, ಜಮಾದಾರ, ಮುಜಾವರ, ಮುಲ್ಲಾ. ಇದೊಂದೂ ಇಲ್ಲದೆ ಹಿರಿಯರು ಸಿಪಾಯಿಗಳಾಗಿದ್ದರು ಎಂಬುದಷ್ಟೇ ನೆನಪಿದ್ದ ಮನೆಗೆ ‘ಪಠಾಣ’. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಲ್ಲಿ ಇಂದು ಈ ಎಲ್ಲ ಹೆಸರುಗಳೂ ಒಂದೇ ಓಣಿಯಲ್ಲಿ ಸಿಗುತ್ತವೆ. ಮೈಸೂರಿನ ಶಾನುಭೋಗನಿಗೆ ಆ ಮೂರನೆಯ ಕಲಮು ಬೇಕಿರಲಿಲ್ಲ. ಇಂಥವನ ಮಗ ಇಂಥವನು ಎಂದು ಬರೆದು ಮುಗಿಸುತ್ತಿದ್ದ; ಶಾಲೆಗಳು ಬಂದ ಮೇಲೆ ಊರಿನ, ತಂದೆಯ ಮೊದಲಕ್ಷರಗಳು ಮುಂದೆ ಸೇರಿಕೊಂಡವು. ಆಚೆಯ ನದಾಫ ಈಚೆಗೆ ಪಿಂಜಾರ. ಆದರೆ ಇಲ್ಲಿ ‘ಪಿಂಜಾರ’ ಹೆಸರಿನ ಕೊನೆಯಲ್ಲಿ ಕೂರಲಿಲ್ಲ, ಜಾತಿಯ ಕಲಮಿನಲ್ಲಿ ಕೂತಿತು. ಪಠಾಣನಿಗೂ ಅದೇ ಗತಿ.

ಮದರಾಸು ಪ್ರಾಂತ್ಯದ ಕರಣಮರ ರೀತಿ ಮತ್ತೂ ಬೇರೆ. ತೆಲುಗರ ಇಂಟಿಪೇರಿನ ಪದ್ಧತಿಯಂತೆ ಕಡಪ, ಕರ್ನೂಲು, ಅನಂತಪುರಗಳಲ್ಲಿ ಷೇಕ್, ಸಯ್ಯದ್, ಪಠಾನ್ ಇವು ಹೆಸರಿನ ಮುಂದೆ ಬಂದವು. ಅಲ್ಲಿ ‘ಪಿ.’ ಎಂಬ ಮೊದಲಕ್ಷರದ ಹಿಂದೆ ಒಬ್ಬ ಪಠಾಣ ಅಡಗಿರಬಹುದು. ಒಂದೇ ಮೂಲದ, ಒಂದೇ ದಖ್ಖನಿ ಮಾತನಾಡುವ ಜನ ಒಂದು ಕಡೆ ಹೆಸರಿನ ಕೊನೆಯಲ್ಲಿ, ಇನ್ನೊಂದು ಕಡೆ ಮುಂದೆ, ಮತ್ತೊಂದು ಕಡೆ ಹೆಸರಿನ ಹೊರಗೇ ಪಠಾಣರಾದರು. 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆ ಈ ಅಧ್ಯಯನಕ್ಕೆ ಒಳ್ಳೆಯ ಕ್ಷೇತ್ರ. ಶಿವಮೊಗ್ಗದಿಂದ ಬಂದ ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗದಿಂದ ಬಂದ ದಾವಣಗೆರೆ, ಹರಿಹರ, ಜಗಳೂರು ಹಳೆಯ ಮೈಸೂರಿನವು. ಆಗ ಜೊತೆಗಿದ್ದ ಹರಪನಹಳ್ಳಿ ಬಳ್ಳಾರಿಯಿಂದ, ಅಂದರೆ 1953ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದ ಸೀಮೆಯಿಂದ ಬಂದದ್ದು. ಹೊಳೆಯಾಚೆ ಮುಂಬಯಿ. ಮೂರು ಆಡಳಿತಗಳ ಬರೆಹದ ರೂಢಿ ಒಂದು ದಿನದ ಬಸ್ ಪ್ರಯಾಣದಲ್ಲಿ ಕಾಣಸಿಗುವ ಜಾಗ ಇನ್ನೊಂದು ಇರಲಿಕ್ಕಿಲ್ಲ.

ನವಾಬರ, ಸೈನ್ಯದ ಕಥೆಗೆ ಸೇರದ ಎಳೆಗಳೂ ಇವೆ. ಚನ್ನಪಟ್ಟಣದ ಮಹದವಿ ಪಂಥದವರಲ್ಲಿ ಪಠಾಣರಿದ್ದಾರೆ; ಅವರ ಗುರು ಸಯ್ಯದ್ ಮಹಮ್ಮದ್ ಜೌನ್‌ಪುರಿ 1505ರಲ್ಲಿ ತೀರಿಕೊಂಡದ್ದು ಆಫ್ಘಾನಿಸ್ತಾನದ ಫರಾಹ್‌ನಲ್ಲಿ. ಅವರಿಗೆ ಆಫ್ಘನ್ ನೆಲದ ನಂಟು ರಕ್ತದ್ದಷ್ಟೇ ಅಲ್ಲ, ಭಕ್ತಿಯದೂ ಹೌದು. ಇನ್ನು ಒಂಟಿಯಾಗಿ ವ್ಯಾಪಾರಕ್ಕೆಂದು ಬಂದು ಇಲ್ಲೇ ಉಳಿದವರು. ಸಕಲೇಶಪುರದ ಎಸ್.ಕೆ. ಕರೀಂಖಾನರ ಮನೆತನ ಆಫ್ಘಾನಿಸ್ತಾನದ ಮೂಲದ್ದು. ಅವರೋ ಕನ್ನಡದ ಜನಪದ ಗೀತೆಗಳನ್ನು ಊರೂರು ಅಲೆದು ಕೂಡಿಸಿ ‘ಜಾನಪದ ಜಂಗಮ’ ಎನಿಸಿಕೊಂಡರು, ಸಿನಿಮಾಕ್ಕೆ ಹಾಡು ಬರೆದರು. ಆಫ್ಘನ್ ಮೂಲಕ್ಕೆ ಅಷ್ಟು ಹತ್ತಿರದ ಅವರ ಹೆಸರಿನಲ್ಲಿ ‘ಪಠಾಣ’ ಇಲ್ಲ. ಅವರು ಮೈಸೂರು ಸಂಸ್ಥಾನದವರು. ಶಿಗ್ಗಾಂವಿ ಕ್ಷೇತ್ರದಿಂದ 2024ರ ಉಪಚುನಾವಣೆಯಲ್ಲಿ ಗೆದ್ದ ಯಾಸಿರ್ ಅಹ್ಮದ್ ಖಾನ್ ಪಠಾಣರ ಹೆಸರಿನಲ್ಲಿ ಎರಡೂ ಇವೆ. ಸವಣೂರು ಇರುವುದು ಆ ಕ್ಷೇತ್ರದಲ್ಲೇ.

ಹೆಂಗಸರ ಹೆಸರುಗಳ ಕಡೆ ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಅಡ್ಡಹೆಸರು ಇಡೀ ಮನೆಗೆ ಸೇರಿದ್ದು; ಆಚೆ ದಡದಲ್ಲಿ ಮಗಳೂ ಪಠಾಣ, ಸೊಸೆಯೂ ಪಠಾಣ. ‘ಖಾನ್’ ಗಂಡಸಿನ ಬಿರುದು. ಈಚೆ ದಡದಲ್ಲಿ ಅದೇ ಮನೆಯ ಹೆಣ್ಣುಮಕ್ಕಳು ಬೀ, ಬಾನು, ಬೇಗಂ, ಉನ್ನಿಸಾ ಆದರು. ಹೊನ್ನಾಳಿ ಸೀಮೆಯ ಮತದಾರರ ಪಟ್ಟಿಯಲ್ಲಿ ‘ಖಾನ್’ಗಳನ್ನು ಎಣಿಸಿದವನಿಗೆ ಅರ್ಧ ಮನೆ ಮಾತ್ರ ಸಿಗುತ್ತದೆ. ಅಡ್ಡಹೆಸರಿನ ಭೂಪಟಗಳನ್ನು ಬಿಡಿಸುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

‘ಖಾನ್’ ನೋಡಿ ಮೂಲ ಹೇಳಲಾಗದ ಈ ಸಮಸ್ಯೆ ವಲಸಿಗರು ನೆಲೆಸಿದ ಬ್ರಿಟನ್ನಿನಲ್ಲೂ ಇದೆ. ಅಲ್ಲಿನ ದಾಖಲೆಗಳಲ್ಲಿ ಕೊನೆಯ ಹೆಸರು ಬರೆಯುವುದು ರೂಢಿ. ಅಟಕ್ ಜಿಲ್ಲೆಯ ಛಛ್ ಬಯಲಿನಿಂದ ಬರ್ಮಿಂಗ್‌ಹ್ಯಾಂ, ಬ್ರ್ಯಾಡ್‌ಫೋರ್ಡ್‌ಗಳಿಗೆ ಹೋದ ಪಷ್ತೂನರೂ ‘ಖಾನ್’, ಪೂರ್ವಜರು ಲಖನೌದಿಂದ ಪಾಕಿಸ್ತಾನಕ್ಕೆ ಹೋದ ಲಂಡನ್ ಮೇಯರ್ ಸಾದಿಕ್ ಖಾನರೂ ‘ಖಾನ್’. ಬುಡಕಟ್ಟಿನ ಹೆಸರನ್ನೇ ಅಡ್ಡಹೆಸರಾಗಿ ಉಳಿಸಿಕೊಂಡ ಮಲಾಲಾ ಯೂಸುಫ್‌ಝೈ ಅವರಂಥವರಲ್ಲಿ ಮಾತ್ರ ಹೆಸರು ಮೂಲವನ್ನು ನೇರವಾಗಿ ಹೇಳುತ್ತದೆ. ಅವರು ಹೊರಟುಬಂದದ್ದು ನಿನ್ನೆಮೊನ್ನೆ. ಬುಡಕಟ್ಟು ಇನ್ನೂ ಹಿಂದೆ ಊರಿನಲ್ಲಿದೆ. ಮಿಯಾನಾಗಳು ಹೊರಟು ನಾನೂರು ವರ್ಷವಾಯಿತು.

ಈಚೆ ದಡದಲ್ಲಿ ಈಗ ಹೊಸ ದಫ್ತರವೊಂದು ಕೆಲಸ ಮಾಡುತ್ತಿದೆ. ಪಾಸ್‌ಪೋರ್ಟಿನ ಅರ್ಜಿ ಅಡ್ಡಹೆಸರಿಗೆ ಬೇರೆಯೇ ಕಲಮು ಇಟ್ಟಿದೆ. ಗಲ್ಫಿಗೋ ಇಂಗ್ಲೆಂಡಿಗೋ ಹೊರಟ ದಾವಣಗೆರೆ ಜಿಲ್ಲೆಯ ಹುಡುಗನಿಗೆ ಅಪ್ಪನ ‘ಖಾನ್’ ಅಲ್ಲಿ ತುಂಬಲು ಸಿಗುತ್ತದೆ. ಅವನ ತಂಗಿಯ ಶಾಲಾ ದಾಖಲೆಯಲ್ಲಿ ‘ಬಾನು’ ಎಂದಿದ್ದರೆ ಆ ಕಲಮಿಗೆ ‘ಬಾನು’ವೇ ಹೋಗುತ್ತದೆ, ಇಲ್ಲವೇ ಖಾಲಿ ಉಳಿಯುತ್ತದೆ. ಮುಂದೆ ಮಕ್ಕಳಿಗೆ ಹೆಸರಿಡುವಾಗ ತಂದೆತಾಯಿ ಇದನ್ನು ನೆನಪಿಟ್ಟುಕೊಳ್ಳುತ್ತಾರೆ. ಹೆಣ್ಣುಮಗುವಿನ ಜನನ ಪ್ರಮಾಣಪತ್ರದಲ್ಲೇ ‘ಖಾನ್’ ಅಥವಾ ‘ಖಾನಂ’ ಬರೆಸುವವರಿದ್ದಾರೆ. ‘ಪಠಾಣ’ ಬರೆಸಿದವರು ಇಲ್ಲಿ ಇನ್ನೂ ವಿರಳ.