ರಾಮಸ್ವಾಮಿ, ಶ್ರೀರಾಮ್
(ಜನನ 1957). ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ. ಮೃದುದ್ರವ್ಯಗಳ, ಅದರಲ್ಲೂ ಸ್ವಯಂಚಲಿ ಕಣಗಳಿಂದಾದ ದ್ರವ್ಯದ ಹರಿವಿಗೆ ಸಿದ್ಧಾಂತ ಕಟ್ಟಿದವರಲ್ಲಿ ಅಗ್ರಗಣ್ಯರು.

ಜೆಲ್, ರಕ್ತ, ಮಳೆಗಾಲದಲ್ಲಿ ಸಕಲೇಶಪುರ, ಆಲೂರಿನ ಗುಡ್ಡಗಳಿಂದ ಜಾರುವ ಕೆಸರು ಇವೆಲ್ಲ ಪೂರ್ತಿ ಘನವೂ ಅಲ್ಲದ, ಸರಳ ದ್ರವವೂ ಅಲ್ಲದ ಮೃದುದ್ರವ್ಯಗಳು. ಇವು ಹರಿಯಲು ಹೊರಗಿನ ಬಲ ಬೇಕು. ಬ್ಯಾಕ್ಟೀರಿಯಾ ತುಂಬಿದ ದ್ರವ ಹಾಗಲ್ಲ. ಅಲ್ಲಿ ಒಂದೊಂದು ಕಣವೂ ತನ್ನ ಶಕ್ತಿಯಿಂದಲೇ ಚಲಿಸುತ್ತದೆ. 2002ರಲ್ಲಿ ಅದಿತಿ ಸಿಂಹ ಅವರೊಡನೆ ರಾಮಸ್ವಾಮಿ ಇಂಥ ದ್ರವದ ಸಮೀಕರಣಗಳನ್ನು ರೂಪಿಸಿ, ಒಂದೇ ದಿಕ್ಕಿಗೆ ಸಾಲುಗಟ್ಟಿ ಈಜುವ ಸೂಕ್ಷ್ಮಜೀವಿಗಳ ಶಿಸ್ತು ತಾನಾಗಿಯೇ ಕದಡುತ್ತದೆಂದು ತೋರಿಸಿದರು.

ಸಹೋದ್ಯೋಗಿಗಳೊಡನೆ ಬರೆದ 2004ರ ಪ್ರಬಂಧ ಇನ್ನೂ ದಿಟ್ಟವಾದುದು. ಕಣ ಬೆರೆತರೆ ದ್ರವದ ಸ್ನಿಗ್ಧತೆ ಏರುತ್ತದೆಂದು ಐನ್‌ಸ್ಟೈನ್ 1906ರಲ್ಲಿ ಲೆಕ್ಕ ಹಾಕಿದ್ದರು. ಕಣಗಳೇ ಈಜುವಾಗ, ಹಿಂದಿನಿಂದ ನೀರನ್ನು ತಳ್ಳುವಂಥವು ಸ್ನಿಗ್ಧತೆಯನ್ನು ಇಳಿಸಬಲ್ಲವು, ಮುಂದಿನಿಂದ ಎಳೆದುಕೊಂಡು ಸಾಗುವಂಥವು ಏರಿಸುತ್ತವೆ ಎಂದಿತು ಈ ಪ್ರಬಂಧ. ಫ್ರಾನ್ಸಿನಲ್ಲಿ, ಹೀಗೆ ಹಿಂದಿನಿಂದ ತಳ್ಳಿ ಈಜುವ ಇ. ಕೋಲಿ ಬ್ಯಾಕ್ಟೀರಿಯಾದೊಡನೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ನಿಗ್ಧತೆ ಬಹುತೇಕ ಸೊನ್ನೆಗೇ ಇಳಿಯಿತು. ಸಿದ್ಧಾಂತಕ್ಕೆ ಇದಕ್ಕಿಂತ ಗಟ್ಟಿಯಾದ ಬೆಂಬಲ ಅಪರೂಪ.

ಭಟ್ನಾಗರ್ ಪ್ರಶಸ್ತಿ (2000), ಇನ್ಫೋಸಿಸ್ ಪ್ರಶಸ್ತಿ (2011), ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ (2016) ಇವರಿಗೆ ಸಂದಿವೆ.