ವಿಸ್ಫೋಟ: ಮೈಮೇಲೆ ಹುಟ್ಟಿದ ಮಾತು

ಇತಿಹಾಸ ಓದಿದವರಿಗೆ ವಕ್ಕಲೇರಿ ಎಂದೊಡನೆ ತಾಮ್ರಪಟಗಳು ನೆನಪಾಗುತ್ತವೆ. ಕೋಲಾರ ತಾಲ್ಲೂಕಿನ ಈ ಊರಿನಲ್ಲಿ ಸಿಕ್ಕ ಆ ಪಟಗಳು ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನವು, ಕ್ರಿ.ಶ. 757ರವು. ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದ ಕಥೆ ಅವುಗಳಲ್ಲಿದೆ. ಆನೆ, ಕುದುರೆ, ಕತ್ತಿಗಳಿಂದ ನಡೆದ ಯುದ್ಧ ಅದು. ಸಿಡಿಮದ್ದು ಈ ನೆಲಕ್ಕೆ ಬರಲು ಇನ್ನೂ ನೂರಾರು ವರ್ಷ ಬೇಕಿತ್ತು. ‘ವಿಸ್ಫೋಟ’ ಎಂಬ ಪದ ಮಾತ್ರ ಆಗಲೇ ಚೆನ್ನಾಗಿ ಬಳಕೆಯಲ್ಲಿತ್ತು. ಅದು ಇದ್ದದ್ದು ರಣರಂಗದಲ್ಲಲ್ಲ, ವೈದ್ಯನ ಬಾಯಲ್ಲಿ.

ಅಮರಕೋಶ ವಿಸ್ಫೋಟವನ್ನು ‘ಪಿಟಕ’ದ ಜೊತೆಗಿಡುತ್ತದೆ. ಎಂದರೆ ಗುಳ್ಳೆ, ಬೊಕ್ಕೆ. ಸುಶ್ರುತ ಸಂಹಿತೆಯಲ್ಲಿ ವಿಸ್ಫೋಟಕ ಒಂದು ಕಾಯಿಲೆಯ ಹೆಸರು: ಬೆಂಕಿಯಿಂದ ಸುಟ್ಟಂತೆ ಕಾಣುವ ಬೊಬ್ಬೆಗಳು, ಜೊತೆಗೆ ಜ್ವರ, ಮೈಯ ಒಂದು ಕಡೆ ಏಳಬಹುದು, ಮೈತುಂಬ ಏಳಬಹುದು. ವಕ್ಕಲೇರಿ ಪಟಗಳ ಕಾಲಕ್ಕೆ ತುಸು ಹಿಂದೆಯೋ ಆಸುಪಾಸಿನಲ್ಲೋ ಬರೆದ ಮಾಧವಕರ ತನ್ನ ರೋಗನಿದಾನದಲ್ಲಿ ವಿಸ್ಫೋಟಕ್ಕೆ ಬೇರೆಯೇ ಅಧ್ಯಾಯ ಕೊಟ್ಟ. ಅದರ ಬೆನ್ನಿಗೇ ಮಸೂರಿಕೆ, ಅಂದರೆ ಸಿಡುಬಿನ ಅಧ್ಯಾಯ.

‘ಸ್ಫುಟ್’ ಧಾತುವಿನ ಅರ್ಥ ಒಡೆ, ಬಿರಿ. ಮೊಗ್ಗು ಬಿರಿದರೂ ಅದೇ, ಚರ್ಮ ಬಿರಿದರೂ ಅದೇ. ಸ್ಫುಟವಾಗಿ ಮಾತಾಡು ಎನ್ನುವಾಗಲೂ ಅರಳಿ ನಿಚ್ಚಳವಾದದ್ದೆಂಬ ಭಾವವಿದೆ. ಈ ಧಾತುವಿನ ಸಂತಾನವೇ ಹಿಂದಿಯ ಫೋಡಾ (ಕುರು), ಮರಾಠಿಯ ಫೋಡ (ಬೊಬ್ಬೆ) ಮತ್ತು ಫೋಡಣಿ (ಒಗ್ಗರಣೆ). ಕುರುವಿನ ಒಡಹುಟ್ಟು ಒಗ್ಗರಣೆಯಾಗಿರುವುದು ಮೊದಲು ವಿಚಿತ್ರವೆನಿಸುತ್ತದೆ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಗಳಿಗೆಯನ್ನು ನೆನೆದರೆ ಎಲ್ಲ ಸರಿಹೋಗುತ್ತದೆ.

ಕೋಲಾರದ ಕಡೆ ಸಾಸಿವೆ ಅಕ್ಕಡಿ ಸಾಲಿನ ಬೆಳೆ. ರಾಗಿ ಹೊಲದಲ್ಲಿ ಅವರೆ, ಹುಚ್ಚೆಳ್ಳಿನ ಜೊತೆ ನಿಲ್ಲುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ‘ಸಿಡಿಯುತ್ತದೆ’. ಒಂದು ಕಾಳು ಎಣ್ಣೆ ಸಮೇತ ಮುಂಗೈಗೆ ಹಾರಿದರೆ ಸಂಜೆಗೆ ಅಲ್ಲಿ ‘ಬೊಬ್ಬೆ ಎದ್ದೈತೆ’ ಎನ್ನುತ್ತಾರೆ. ತೆಲುಗು ಮನೆಮಾತಿನವರಿಗೂ ಅದು ‘ಬೊಬ್ಬ’ವೇ. ನಮ್ಮ ‘ಸಿಡಿ’ಯೂ ಸಂಸ್ಕೃತದ ಸ್ಫೋಟ ನಡೆದ ದಾರಿಯಲ್ಲೇ ನಡೆದಿದೆ. ಸಾಸಿವೆ ಸಿಡಿದದ್ದು, ಆಕಾಶದಿಂದ ಸಿಡಿಲು ಬಿದ್ದದ್ದು, ಬಂಡೆಗೆ ಸಿಡಿಮದ್ದು ಇಟ್ಟದ್ದು ಎಲ್ಲ ಒಂದೇ ಬೇರಿನವು. ಸಿಡುಬು ಎಂಬಲ್ಲೂ ನನಗೆ ಆ ಸಿಡಿಯೇ ಕೇಳಿಸುತ್ತದೆ.

ಆಧುನಿಕ ಕಾಲದಲ್ಲಿ ಸಂಸ್ಕೃತ ಪದ ಮೈಬಿಟ್ಟು ಮದ್ದಿನ ಮನೆ ಸೇರಿತು. 1908ರ ಕಾಯ್ದೆಯನ್ನು ಕನ್ನಡದಲ್ಲಿ ಸ್ಫೋಟಕ ವಸ್ತುಗಳ ಕಾಯ್ದೆ ಎನ್ನುತ್ತೇವೆ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ಒತ್ತಡ ತಾಳದೆ ಬಂಡೆ ಒಡೆದು ಕಾರ್ಮಿಕರ ಮೇಲೆ ಎರಗುತ್ತಿದ್ದುದು ಶಿಲಾಸ್ಫೋಟ. ಆಮೇಲೆ ಬಾಂಬ್ ಸ್ಫೋಟ, ಜನಸಂಖ್ಯಾ ಸ್ಫೋಟ. ಈಗ ವಿಸ್ಫೋಟ ಎಂದರೆ ಸದ್ದು, ಹೊಗೆ, ಚೂರಾದ ಗೋಡೆ. ಬೊಬ್ಬೆ ಎಂಬ ಹಳೆಯ ಅರ್ಥ ಆಯುರ್ವೇದದ ಪುಸ್ತಕಗಳಲ್ಲಿ ಮಾತ್ರ ಉಳಿದಿದೆ.

ಪದದ ಹಳೆಯ ಮತ್ತು ಹೊಸ ಅರ್ಥಗಳು ಒಂದೇ ಶೆಲ್ಲಿನೊಳಗೆ ಕೂಡಿದ್ದು 1917ರ ಜುಲೈಯಲ್ಲಿ, ಬೆಲ್ಜಿಯಂನ ಈಪ್ರ ಬಳಿ. ಜರ್ಮನ್ ಸೇನೆ ಹಾರಿಸಿದ ಗುಂಡುಗಳಲ್ಲಿ ಇದ್ದದ್ದು ಗಂಧಕದ ಸಂಯುಕ್ತ. ವಾಸನೆಯಿಂದಾಗಿ ಅದಕ್ಕೆ ಸಾಸಿವೆ ಅನಿಲ ಎಂಬ ಹೆಸರು ಬಂತು. ಅದರಲ್ಲಿ ಸಾಸಿವೆಯೂ ಇಲ್ಲ, ಮಾಮೂಲಿ ಹವೆಯಲ್ಲಿ ಅದು ಅನಿಲವೂ ಅಲ್ಲ, ಎಣ್ಣೆಯಂಥ ದ್ರವ. ಚರ್ಮದ ಕೊಬ್ಬಿನಲ್ಲಿ ಕರಗಿ ಕೆಲವೇ ನಿಮಿಷಗಳಲ್ಲಿ ಜೀವಕೋಶದ ಡಿಎನ್‌ಎಗೆ ಕಚ್ಚಿಕೊಳ್ಳುತ್ತದೆ. ಆಗ ನೋವಿಲ್ಲ, ಉರಿಯಿಲ್ಲ. ಗಂಟೆಗಳು ಕಳೆದ ಮೇಲೆ ಚರ್ಮ ಕೆಂಪಾಗುತ್ತದೆ, ಆಮೇಲೆ ಸಣ್ಣ ಬೊಬ್ಬೆಗಳೆದ್ದು ಒಂದಕ್ಕೊಂದು ಕೂಡಿ ದೊಡ್ಡವಾಗುತ್ತವೆ. ಒಳಗಿನ ನೀರು ವಿಷವಲ್ಲ. ವಿಷ ತನ್ನ ಕೆಲಸ ಆಗಲೇ ಮುಗಿಸಿರುತ್ತದೆ. ಇದರ ಚಿಕಿತ್ಸೆ ಕಷ್ಟವಾಗಿರುವುದು ಇದೇ ಕಾರಣಕ್ಕೆ. ತಗುಲಿದ ಕೂಡಲೇ ತೊಳೆಯಬೇಕು, ಇಲ್ಲವೇ ಫುಲ್ಲರ್ ಮಣ್ಣು ಉದುರಿಸಿ ಹೀರಿಸಬೇಕು; ತಡವಾದರೆ ಸುಟ್ಟಗಾಯದಂತೆ ಆರೈಕೆ. ಖಚಿತವಾದ ಪ್ರತಿವಿಷ ಇಂದಿಗೂ ಇಲ್ಲ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು ‘ಡಿಆರ್‌ಡಿಇ-07’ ಎಂಬ ಸಂಯುಕ್ತವನ್ನು ಇಲಿಗಳ ಮೇಲೆ ಪರೀಕ್ಷಿಸಿ ನೋಡಿದ್ದಾರೆ.

ಇಲಿಗಳಿಗೆ ಮೊದಲು ಮನುಷ್ಯರೇ ಪರೀಕ್ಷೆಯ ವಸ್ತುಗಳಾಗಿದ್ದರು. 1930ರ ದಶಕದಿಂದ ಎರಡನೆಯ ಮಹಾಯುದ್ಧದ ಕಾಲದವರೆಗೆ ಬ್ರಿಟನ್ನಿನ ರಾಸಾಯನಿಕ ಅಸ್ತ್ರ ಸಂಶೋಧನಾ ಕೇಂದ್ರವಾದ ಪೋರ್ಟನ್ ಡೌನ್‌ನ ವಿಜ್ಞಾನಿಗಳು ಅವಿಭಜಿತ ಭಾರತದ ರಾವಲ್ಪಿಂಡಿಯಲ್ಲಿ ನೂರಾರು ಭಾರತೀಯ ಸಿಪಾಯಿಗಳನ್ನು ಸಾಸಿವೆ ಅನಿಲಕ್ಕೆ ಒಡ್ಡಿದರು. ಭಾರತೀಯರ ಚರ್ಮ ಬ್ರಿಟಿಷರ ಚರ್ಮಕ್ಕಿಂತ ಬೇರೆ ರೀತಿ ಸುಡುತ್ತದೆಯೇ, ರಣರಂಗದಲ್ಲಿ ಎಷ್ಟು ಪ್ರಮಾಣ ಸಾಕು ಎಂದು ತಿಳಿಯುವುದು ಅವರ ಉದ್ದೇಶ. ಚಡ್ಡಿ, ಹತ್ತಿಯ ಅಂಗಿ ತೊಟ್ಟು ಅನಿಲದ ಕೋಣೆಗೆ ಹೋದವರು ತೀವ್ರ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದರು. ಈ ಸಂಗತಿ ಪತ್ರಿಕೆಗಳ ಮೂಲಕ ಲೋಕಕ್ಕೆ ತಿಳಿದದ್ದು 2007ರಲ್ಲಿ. ಬೊಬ್ಬೆಯ ಅಳತೆ ಬರೆದಿಟ್ಟವರು ಆ ಸಿಪಾಯಿಗಳ ಮುಂದಿನ ಆರೋಗ್ಯವನ್ನು ವಿಚಾರಿಸಲಿಲ್ಲ. ವೈದ್ಯದ ಹೆಸರಿನಲ್ಲಿ ನಡೆದ ದ್ರೋಹ ಎಂದಲ್ಲದೆ ಇದನ್ನು ಬೇರೇನೂ ಕರೆಯಲಾರೆ.

ಸ್ವತಂತ್ರ ಭಾರತವೂ ಈ ವಿಷವನ್ನು ಇಟ್ಟುಕೊಂಡಿತ್ತು. ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದಂತೆ 1997ರಲ್ಲಿ 1,044 ಟನ್ ಇದೆಯೆಂದು ಘೋಷಿಸಿ, 2009ರ ಹೊತ್ತಿಗೆ ಪೂರ್ತಿ ನಾಶಮಾಡಿತು. ದೇಶದ ಬಗ್ಗೆ ನಾನು ಹೆಮ್ಮೆಯಿಂದ ನೆನೆಯುವ ಸಂಗತಿಗಳಲ್ಲಿ ಇದೂ ಒಂದು.

ಮನುಷ್ಯರ ಮೇಲಿನ ಪರೀಕ್ಷೆಗೆ ಈಗ ಕಟ್ಟುಪಾಡುಗಳಿವೆ. ಹೊಸ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಬೇಕಾದರೆ, ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು ಹೇಳುತ್ತವೆ. ಕನ್ನಡದಲ್ಲಿ ಆ ಒಪ್ಪಿಗೆ ಪತ್ರ ಬರೆಯುವವರಲ್ಲಿ ನನ್ನದೊಂದು ವಿನಂತಿ. ಚರ್ಮದ ಅಪಾಯವನ್ನು ಹೇಳುವ ಜಾಗದಲ್ಲಿ ನಿಘಂಟಿನ ‘ವಿಸ್ಫೋಟ’ವನ್ನು ತಂದಿಡಬೇಡಿ. ಓದುವವರಿಗೆ ಅಲ್ಲಿ ಬಾಂಬ್ ಕಾಣಿಸುತ್ತದೆ, ತನ್ನ ಕೈ ಕಾಣಿಸುವುದಿಲ್ಲ. ‘ಬೊಬ್ಬೆ ಏಳಬಹುದು, ಒಡೆಯಬಹುದು, ಕಲೆ ಉಳಿಯಬಹುದು’ ಎಂದು ಬರೆಯಿರಿ.